ಹಬ್ಬದ ಹಿಂದಿನ ದಿನ

ಪಟ್ಟಣದಲ್ಲಿ ವಾಸಮಾಡುವವನಿಗೆ ಹಬ್ಬ ಬಂದಿತೆಂದು ತಿಳಿಸುವವರು ಯಾರು? ಪಂಚಾಂಗವೆಂದು ಹೇಳಬಹುದು. ಆದರೆ ನಮ್ಮ ಮನೆಗಳಲ್ಲಿ ಪಂಚಾಂಗವನ್ನು ತೆರೆಯುವುದು ವರ್ಷಕ್ಕೊಮ್ಮೆ, ಯುಗಾದಿಯ ಸಂಜೆ, ನಮ್ಮ ರಾಶಿಗೆ ಆದಾಯವೆಷ್ಟು ವ್ಯಯವೆಷ್ಟು ಎಂದು ನೋಡುವುದಕ್ಕೆ. ಆಮೇಲೆ ಅದು ದೇವರ ಗೂಡಿನಲ್ಲಿ ಅರಿಸಿನದ ಬಟ್ಟಲಿನ ಕೆಳಗೆ ಸೇರಿಹೋಗುತ್ತದೆ. ಗೋಡೆಯ ಕ್ಯಾಲೆಂಡರೆಂದು ಹೇಳಬಹುದು. ಅದು ನಮಗೆ ಬೇಕಾಗುವುದು ಹಾಲಿನ ಲೆಕ್ಕಕ್ಕೆ ಮತ್ತು ರಜೆಯ ಕೆಂಪಕ್ಷರಗಳಿಗೆ. ಪುರೋಹಿತರೆಂದು ಹೇಳೋಣವೆಂದರೆ ಅವರು ಬರುವುದು ನಾವು ಕರೆದ ಮೇಲೆ. ನಿಜವಾಗಿ ನಮಗೆ ಹಬ್ಬವನ್ನು ಸಾರುವವನು ಬೀದಿಯ ವ್ಯಾಪಾರಿ. ಸಂಜೆ ಬಸ್ಸಿನಿಂದ ಇಳಿದು ಮನೆಗೆ ನಡೆಯುವ ದಾರಿಯಲ್ಲಿ ಕಬ್ಬಿನ ಜಲ್ಲೆಗಳು ಗೋಡೆಗೆ ಒರಗಿ ನಿಂತಿದ್ದರೆ ಸಂಕ್ರಾಂತಿ; ಬೇವಿನ ಸೊಪ್ಪಿನ ರಾಶಿ ಬಿದ್ದಿದ್ದರೆ ಯುಗಾದಿ; ತಾವರೆಯ ಮೊಗ್ಗು ಬಂದರೆ ವರಮಹಾಲಕ್ಷ್ಮಿ; ಮೊರಗಳು ಒಂದರ ಮೇಲೊಂದು ಏರಿದರೆ ಗೌರಿ; ಬೂದುಗುಂಬಳ ಗುಡ್ಡೆಬಿದ್ದರೆ ಆಯುಧಪೂಜೆ; ಮಣ್ಣಿನ ಹಣತೆ ಬಂದರೆ ದೀಪಾವಳಿ. ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ಗುಡಿಯ ಸುತ್ತ ಕಡಲೆಕಾಯಿಯ ಬೆಟ್ಟಗಳು ಎದ್ದುವೆಂದರೆ ಕಾರ್ತಿಕದ ಕಡೆಯ ಸೋಮವಾರ ಬಂದಿತೆಂದು ತಿಳಿಯಲು ಯಾವ ಜೋಯಿಸರೂ ಬೇಕಾಗಿಲ್ಲ.

ಹಬ್ಬವನ್ನು ನಮ್ಮ ಬಾಗಿಲಿಗೆ ತಂದು ನಿಲ್ಲಿಸುವ ಈ ಉಪಕಾರಿಯನ್ನೇ ನಾವು ದೂರುವುದೂ ಉಂಟು. “ಹಬ್ಬಗಳೆಲ್ಲ ಈಗ ವ್ಯಾಪಾರವಾಗಿಹೋದುವು, ಸ್ವಾಮಿ” ಎಂದು ನಿಟ್ಟುಸಿರು ಬಿಡುವುದು ನಮ್ಮಂಥ ಸಂಸಾರಿಗಳ ಒಂದು ಸದಭ್ಯಾಸ. ಒಂದು ಕೈಯಲ್ಲಿ ಹೂವಿನ ಚೀಲ, ಇನ್ನೊಂದು ಕೈಯಲ್ಲಿ ಬಾಳೆಯ ಕಂದು ಹಿಡಿದು, ಮಾವಿನ ಸೊಪ್ಪಿನ ಕಟ್ಟಿಗೆ ಐದು ರೂಪಾಯಿ ಕಡಮೆ ಮಾಡಿಸುತ್ತಲೇ ಈ ಮಾತನ್ನು ಆಡುತ್ತೇವೆ. ಮಾತಿನಲ್ಲಿ ನಿಜವೆಷ್ಟು, ಅಭ್ಯಾಸಬಲವೆಷ್ಟು ಎಂಬುದನ್ನು ತೂಗಿನೋಡುವ ಅನುಕೂಲ ನನಗೆ ನಮ್ಮ ಸೋದರತ್ತೆಯ ದೆಸೆಯಿಂದ ದೊರೆತಿದೆ. ಅವರು ಮೂವತ್ತೈದು ವರ್ಷಗಳಿಗೂ ಮೇಲ್ಪಟ್ಟು ಹಬ್ಬಗಳನ್ನು ಮಾರಿಯೇ ಸಂಸಾರವನ್ನು ದಡ ಮುಟ್ಟಿಸಿದವರು.

ಅತ್ತೆಯ ವ್ಯಾಪಾರ ಹುಟ್ಟಿದ್ದು ಕಷ್ಟದಿಂದ. 1987ರಲ್ಲಿ ಮಾವನವರು ಕೆಲಸ ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿತು. ಶಾಲೆಗೆ ಹೋಗುವ ಎರಡು ಮಕ್ಕಳು, ಬಾಡಿಗೆಯ ಮನೆ, ಬರಬೇಕಾಗಿದ್ದ ಹಣ ಇಂದು ನಾಳೆ ಎಂದು ಮುಂದಕ್ಕೆ ಹೋಗುತ್ತಿತ್ತು. ಮಾವನವರು ಅಭಿಮಾನಸ್ಥರು, ಬೆಳಗ್ಗೆ ಇಸ್ತ್ರಿಮಾಡಿದ ಅಂಗಿ ತೊಟ್ಟು ಹೊರಗೆ ಹೋಗಿ, ಯಾರನ್ನೂ ಏನನ್ನೂ ಕೇಳದೆ, ಸಂಜೆ ಹಿಂದಿರುಗುತ್ತಿದ್ದರು. ಧನುರ್ಮಾಸದಲ್ಲಿ ಒಂದು ದಿನ ಅತ್ತೆ ಅಂಗಳದಲ್ಲಿ ಕುಳಿತು ಸಂಕ್ರಾಂತಿಯ ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಿದ್ದಾಗ, ಪಕ್ಕದ ಮನೆಯ, ಆಫೀಸಿಗೆ ಹೋಗುವ ಹೆಂಗಸು ಬೇಲಿಯಾಚೆ ನಿಂತು, “ನಮ್ಮ ಮನೆಗೂ ಒಂದಿಷ್ಟು ಮಾಡಿಕೊಡ್ತೀರಾ ಅಮ್ಮಾ? ಸಾಮಾನಿಗೂ ಕೊಡ್ತೀನಿ, ಕೂಲಿಗೂ ಕೊಡ್ತೀನಿ” ಎಂದು ಸಂಕೋಚದಿಂದ ಕೇಳಿದರು. ಆ ಸಂಕ್ರಾಂತಿಗೆ ಮೂರು ಮನೆ. ಮರುವರ್ಷ ಹತ್ತೊಂಬತ್ತು ಮನೆ.

ಎಳ್ಳು ಬೀರುವುದು ಸುಲಭ, ಎಳ್ಳು ಮಾಡುವುದು ಹಾಗಲ್ಲ. ಬಿಳಿಯ ಎಳ್ಳನ್ನು ಕಲ್ಲು ಕಸ ಆರಿಸಿ ಹದವಾಗಿ ಹುರಿಯಬೇಕು. ಕಡಲೆಕಾಯಿ ಬೀಜವನ್ನು ಹುರಿದು ಸಿಪ್ಪೆಯುಜ್ಜಿ ಬೇಳೆಯಾಗಿ ಒಡೆಯಬೇಕು. ಕೊಬ್ಬರಿಯ ಕಂದುಸಿಪ್ಪೆಯನ್ನು ಒಂದು ಎಳೆಯೂ ಉಳಿಯದಂತೆ ಹೆರೆದು ಸಣ್ಣ ಸಣ್ಣ ಚೂರು ಮಾಡಬೇಕು. ಅಚ್ಚುಬೆಲ್ಲವನ್ನು ಅಡಕೊತ್ತಿನಿಂದ ಅದೇ ಅಳತೆಗೆ ಕತ್ತರಿಸಬೇಕು. ಎರಡನ್ನೂ ಧನುರ್ಮಾಸದ ಎಳೆಬಿಸಿಲಿನಲ್ಲಿ, ಕಾಗೆ ಕಾಯುತ್ತ, ದಿನಗಟ್ಟಲೆ ಒಣಗಿಸಬೇಕು. ಇನ್ನು ಸಕ್ಕರೆ ಅಚ್ಚಿನ ಕೆಲಸವಂತೂ ತಪಸ್ಸು. ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ಹದ ತಪ್ಪುವ ಮೊದಲು ಮರದ ಅಚ್ಚಿಗೆ ಹೊಯ್ಯಬೇಕು. ಒಂದು ಕ್ಷಣ ಮುಂಚೆಯಾದರೆ ಗಿಳಿಗೆ ಕೊಕ್ಕು ಮೂಡದು, ಒಂದು ಕ್ಷಣ ತಡವಾದರೆ ಪಾತ್ರೆಯಲ್ಲೇ ಕಲ್ಲಾಗುವುದು. ಒಟ್ಟು ಹತ್ತು ದಿನದ ಕೆಲಸ. ಪಕ್ಕದ ಮನೆಯಾಕೆಗೆ ಸಂಕ್ರಾಂತಿ ಬೇಕಾಗಿತ್ತು. ಮಗಳಿಗೆ ಜರಿಯ ಲಂಗ ತೊಡಿಸಿ ತಟ್ಟೆ ಹಿಡಿಸಿ ಮನೆಮನೆಗೆ ಕಳುಹಿಸುವ ಆಸೆ ಬೆಟ್ಟದಷ್ಟಿತ್ತು. ಆ ಹತ್ತು ದಿನ ಮಾತ್ರ ಆಕೆಯಲ್ಲಿರಲಿಲ್ಲ. ಅತ್ತೆ ಮಾರಿದ್ದು ಆ ಹತ್ತು ದಿನಗಳನ್ನು. ಹಬ್ಬದ ವ್ಯಾಪಾರದ ಮೂಲಮಂತ್ರವನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ಶಾಸ್ತ್ರ ಇರಲಾರದೆಂದು ನನಗೆ ತೋರುತ್ತದೆ.

ಮನೆತನದ ಹೆಂಗಸು ತಿಂಡಿ ಮಾರುವುದೆ ಎಂದು ಮಾವನವರಿಗೆ ಮೊದಮೊದಲು ಬಹಳ ಇರುಸುಮುರುಸಾಯಿತು. ಅತ್ತೆ ಕೊಟ್ಟ ಉತ್ತರ ನಮ್ಮ ಬಂಧುಬಳಗದಲ್ಲಿ ಪ್ರಸಿದ್ಧವಾಗಿದೆ: “ಗಾಂಧಿ ಬಜಾರಿನ ಸುಬ್ಬಮ್ಮನವರು ಮಾರಲಿಲ್ಲವೆ? ಅವರ ಮನೆತನಕ್ಕೆ ಏನಾಯಿತು?” ಒಂಟಿ ಹೆಂಗಸಾಗಿ ಮನೆಮನೆಗೆ ಹಪ್ಪಳ ಕೊಟ್ಟು ಬದುಕು ಕಟ್ಟಿಕೊಂಡ ಆ ತಾಯಿ 1948ರಲ್ಲಿ ಆರಂಭಿಸಿದ ಅಂಗಡಿ ಇಂದಿಗೂ ‘ಸುಬ್ಬಮ್ಮನ ಅಂಗಡಿ’ ಎಂದೇ ಬೆಂಗಳೂರಿಗರ ಬಾಯಲ್ಲಿದೆ. ಮಾವನವರಿಗೆ ಎದುರುತ್ತರ ಹೊಳೆಯಲಿಲ್ಲ. ಮುಂದಿನ ವರ್ಷದಿಂದ ಇಸ್ತ್ರಿಯ ಅಂಗಿ ಕಳಚಿಟ್ಟು, ಅಡಕೊತ್ತು ಹಿಡಿದು, ಬೆಲ್ಲ ಕತ್ತರಿಸಲು ಅವರೇ ಕುಳಿತರು. ಕಾರ್ಖಾನೆಯಲ್ಲಿ ಕೂದಲೆಳೆಯ ಅಳತೆಗೆ ಕೆಲಸ ಮಾಡಿದ ಕೈ. ಅವರು ಕತ್ತರಿಸಿದ ಬೆಲ್ಲದ ಚೂರುಗಳು ಒಂದೊಂದೂ ಎರಕ ಹೊಯ್ದಂತಿರುತ್ತಿದ್ದುವು.

ಸಂಕ್ರಾಂತಿಯಿಂದ ಹಿಡಿದ ದಾರ ವರ್ಷದುದ್ದಕ್ಕೂ ಬೆಳೆಯಿತು. ಶಿವರಾತ್ರಿಗೆ ತಂಬಿಟ್ಟು, ಯುಗಾದಿಗೆ ಒಬ್ಬಟ್ಟು. ಗೋಕುಲಾಷ್ಟಮಿ ಬಂದರೆ ಚಕ್ಕುಲಿ, ಕೋಡುಬಳೆ, ತೇಂಗೊಳಲು, ರವೆಯುಂಡೆ. ಕೃಷ್ಣನೊಬ್ಬನಿಗೆ ಬೇಕಾಗುವಷ್ಟು ಬಗೆಯ ತಿಂಡಿ ಉಳಿದ ದೇವರಿಗೆಲ್ಲ ಸೇರಿಯೂ ಬೇಕಾಗುವುದಿಲ್ಲವೆಂದು ಅತ್ತೆಯ ಅಭಿಪ್ರಾಯ. ಗೌರಿಗೆ ಕರಿಗಡುಬು ಮಾತ್ರವಲ್ಲದೆ ಮೊರದ ಬಾಗಿನದ ಸಾಮಾನು: ಅರಿಸಿನ, ಕುಂಕುಮ, ಬಳೆ, ಕರಿಮಣಿ, ಕನ್ನಡಿ, ಬಾಚಣಿಗೆ, ರವಿಕೆಯ ಕಣ, ಬೇಳೆ, ಅಕ್ಕಿ, ಬೆಲ್ಲ, ಎಲ್ಲವನ್ನೂ ಜೋಡಿಸಿ, ಯಾವುದನ್ನು ಎಲ್ಲಿಡಬೇಕೆಂದು ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದ ಚೀಟಿಯನ್ನೂ ಇಡುತ್ತಿದ್ದರು. ಹೊಸದಾಗಿ ಮದುವೆಯಾಗಿ ಬಂದ, ಅತ್ತೆಯ ಮನೆ ಬೇರೆ ಊರಿನಲ್ಲಿರುವ, ಯಾರನ್ನು ಕೇಳಬೇಕೆಂದು ತಿಳಿಯದ ಹುಡುಗಿಯರು ಆ ಚೀಟಿಗಾಗಿಯೇ ಬರತೊಡಗಿದರು. ನವರಾತ್ರಿಯ ಒಂಬತ್ತು ಸಂಜೆಗೂ ಗೊಂಬೆ ನೋಡಲು ಬರುವ ಮಕ್ಕಳಿಗೆ ಕೊಡುವ ಬೊಂಬೆ ಬಾಗಿನದ ಪೊಟ್ಟಣಗಳು; ದೀಪಾವಳಿಗೆ ಪೆಟ್ಟಿಗೆಯ ಸಿಹಿ. ಶ್ರೀರಾಮನವಮಿಯಂದು ಮಾತ್ರ ಮಾರಾಟವಿಲ್ಲ. ಆ ದಿನ ಅಂಗಡಿಯ ಮುಂದೆ ಬಂದವರಿಗೆಲ್ಲ ಪಾನಕ, ನೀರುಮಜ್ಜಿಗೆ, ಕೋಸಂಬರಿ ಹಂಚುತ್ತಾರೆ. “ದಾನವೂ ಆಯಿತು, ಪ್ರಚಾರವೂ ಆಯಿತು” ಎಂದು ನಾನು ಒಮ್ಮೆ ಹಾಸ್ಯ ಮಾಡಿದಾಗ ಅತ್ತೆ ನಕ್ಕು, “ಪಾನಕ ಕುಡಿದವರು ಅಂಗಡಿ ಎಲ್ಲಿದೆ ಅಂತ ಮರೆತುಬಿಡಬೇಕು ಅಂತ ರಾಮದೇವರೇನೂ ಹೇಳಿಲ್ಲವಲ್ಲೋ” ಎಂದರು.

ಹಬ್ಬದ ವ್ಯಾಪಾರವೆಂದರೆ ಕಣ್ಣುಮುಚ್ಚಿ ಹಣ ಬಾಚುವುದೆಂದು ದೂರದಿಂದ ನೋಡುವವರು ಭಾವಿಸುತ್ತಾರೆ. ಹಬ್ಬದ ಹಿಂದಿನ ದಿನ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೋಗಿನೋಡಿದರೆ ಹಾಗೆಯೇ ಕಾಣುವುದು ಸಹಜ. ವರಮಹಾಲಕ್ಷ್ಮಿಯ ಮುನ್ನಾದಿನ ಕನಕಾಂಬರದ ಬೆಲೆ ಕಿಲೋಗೆ ಸಾವಿರ ರೂಪಾಯಿಯ ಗಡಿ ದಾಟುವುದು ಹೊಸತೇನಲ್ಲ. ಆದರೆ ವಿಜಯದಶಮಿಯ ಮರುದಿನ ಬೆಳಗ್ಗೆ ಅದೇ ಬೀದಿಗಳಲ್ಲಿ ನಡೆಯಬೇಕು. ಮಾರಾಟವಾಗದ ಬೂದುಗುಂಬಳಗಳು, ಬಾಡಿದ ಬಾಳೆಯ ಕಂದುಗಳು, ಕೊಳೆಯತೊಡಗಿದ ಚೆಂಡುಹೂವು ಬೀದಿಯ ಅಂಚಿನಲ್ಲಿ ಅನಾಥವಾಗಿ ಬಿದ್ದಿರುತ್ತವೆ. ಹಳ್ಳಿಯಿಂದ ಲಾರಿ ಬಾಡಿಗೆ ತೆತ್ತು ತಂದವನು ಹಿಂದಕ್ಕೆ ಒಯ್ಯುವ ಬಾಡಿಗೆಯಾದರೂ ಉಳಿಯಲೆಂದು ಬಿಟ್ಟುಹೋಗಿರುತ್ತಾನೆ. ಹಿಂದಿನ ಸಂಜೆ ನಾವು ಅವನನ್ನು ಸುಲಿಗೆಕೋರನೆಂದು ಬೈದಿದ್ದೆವಷ್ಟೆ. ಆ ಬೆಲೆಯಲ್ಲಿ ಈ ಬೆಳಗಿನ ಗುಡ್ಡೆಯ ಬೆಲೆಯೂ ಸೇರಿತ್ತು. ಹಬ್ಬದ ಸರಕಿಗೆ ಒಂದೇ ದಿನದ ಆಯುಸ್ಸು. ಸೂರ್ಯೋದಯಕ್ಕೆ ಮೊದಲು ಚಿನ್ನ, ಸೂರ್ಯಾಸ್ತದ ಮೇಲೆ ಕಸ.

ಅತ್ತೆ ಈ ಗಂಡಾಂತರವನ್ನು ಗೆದ್ದುದು ಒಂದು ಕಟ್ಟುನಿಟ್ಟಿನಿಂದ. ಹೂವು ಹಣ್ಣಿನ ಗೊಡವೆಗೆ ಅವರು ಹೋಗಲೇ ಇಲ್ಲ. ಒಬ್ಬಟ್ಟಿನಂಥ ಬಾಳಿಕೆಯಿಲ್ಲದ ಪದಾರ್ಥವನ್ನು ಮುಂಗಡ ಕೊಟ್ಟು ಹೇಳಿದವರಿಗಷ್ಟೇ ಮಾಡುವುದು. ಹಬ್ಬಕ್ಕೆ ಹದಿನೈದು ದಿನ ಮೊದಲು ಅಂಗಡಿಯ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುವುದು, ನಾಲ್ಕು ದಿನ ಮೊದಲು ಹೊಸ ಬೇಡಿಕೆ ನಿಲ್ಲಿಸುವುದು. ನಾಲ್ಕು ದಿನದ ಮೇಲೆ ಎಷ್ಟು ದೊಡ್ಡವರು ಕಾರಿನಲ್ಲಿ ಬಂದು ನಿಂತು ಕೇಳಿದರೂ, “ಇಲ್ಲ ರೀ, ಮುಂದಿನ ಹಬ್ಬಕ್ಕೆ ಮೊದಲೇ ಹೇಳಿ” ಎಂಬ ಒಂದೇ ಉತ್ತರ. ದುಡ್ಡು ಬೇಡವೆ ಎಂದು ಮಾವನವರು ಚಡಪಡಿಸುತ್ತಿದ್ದರು. ಆದರೆ ಇಲ್ಲವೆನಿಸಿಕೊಂಡು ಹೋದವರು ಮುಂದಿನ ಹಬ್ಬಕ್ಕೆ ತಪ್ಪದೆ ಮೊದಲೇ ಹೇಳುತ್ತಿದ್ದರು. ಹಬ್ಬವೆಂದು ಬೆಲೆ ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಇಬ್ಬರೇ ಇರುವ ಮನೆಗಳು ಹೆಚ್ಚಾದಂತೆ ಅತ್ತೆ ಸಣ್ಣ ಪೊಟ್ಟಣಗಳನ್ನು ಕಟ್ಟತೊಡಗಿದರು. ವಯಸ್ಸಾದ ಗಂಡಹೆಂಡಿರು ನಾಲ್ಕೇ ಒಬ್ಬಟ್ಟು ಬೇಕೆಂದರೂ ಮುಖ ಸಿಂಡರಿಸದೆ ಬರೆದುಕೊಳ್ಳುತ್ತಿದ್ದರು.

ಇನ್ನೊಂದು ತೊಡಕು ಪಂಚಾಂಗದ್ದು. ಬ್ಯಾಂಕಿನ ಕಂತು, ಮನೆ ಬಾಡಿಗೆ, ಶಾಲೆಯ ಶುಲ್ಕ ಎಲ್ಲವೂ ಇಂಗ್ಲಿಷ್ ತಿಂಗಳಿನ ಲೆಕ್ಕ. ಹಬ್ಬಗಳೋ ಚಂದ್ರನ ಲೆಕ್ಕ. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ. ಆದುದರಿಂದ ಹಬ್ಬ ವರ್ಷವರ್ಷವೂ ಹನ್ನೊಂದು ದಿನದಂತೆ ಹಿಂದಕ್ಕೆ ಸರಿಯುತ್ತದೆ, ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಬಂದಾಗ ಥಟ್ಟನೆ ಮುಂದಕ್ಕೆ ನೆಗೆಯುತ್ತದೆ. ಅಧಿಕ ಶ್ರಾವಣ ಬಂದಿದ್ದ 2023ರಲ್ಲಿ ವರಮಹಾಲಕ್ಷ್ಮಿ ವ್ರತ ಆಗಸ್ಟ್ 25ಕ್ಕೆ, 2024ರಲ್ಲಿ 16ಕ್ಕೆ, 2025ರಲ್ಲಿ 8ಕ್ಕೆ. ಗಣೇಶನ ಹಬ್ಬ 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27. 2026ರ ಪಂಚಾಂಗದಲ್ಲಿ ಅಧಿಕ ಜ್ಯೇಷ್ಠವಿರುವುದರಿಂದ ಮತ್ತೆ ಸೆಪ್ಟೆಂಬರ್ 14. ಸಂಬಳ ಬರುವ ಮೊದಲ ವಾರದಲ್ಲಿ ಬಿದ್ದ ಹಬ್ಬಕ್ಕೂ ತಿಂಗಳ ಕೊನೆಯಲ್ಲಿ ಬಿದ್ದ ಹಬ್ಬಕ್ಕೂ ವ್ಯಾಪಾರದಲ್ಲಿ ಅಜಗಜಾಂತರ. ತಿಂಗಳ ಕೊನೆಯ ಹಬ್ಬವಾದರೆ ಅತ್ತೆ ಮುಂಗಡವನ್ನು ಕಡಮೆ ಮಾಡಿ, ಬಾಕಿಯನ್ನು ಒಂದನೆಯ ತಾರೀಖಿನ ಮೇಲೆ ಕೊಡಿ ಎನ್ನುತ್ತಿದ್ದರು. ಯುಗಾದಿಯ ದಿನ ಅವರು ಪಂಚಾಂಗದಲ್ಲಿ ನೋಡುತ್ತಿದ್ದುದು ತಮ್ಮ ರಾಶಿಯ ಆದಾಯ ವ್ಯಯವನ್ನಲ್ಲ, ಅಧಿಕಮಾಸ ಎಲ್ಲಿದೆ ಎಂಬುದನ್ನು. ಯೋಚಿಸಿದರೆ ಎರಡೂ ಒಂದೇ.

ಅತ್ತೆಯ ನಿಜವಾದ ಬಂಡವಾಳ ಒಂದು ಲೆಕ್ಕದ ಪುಸ್ತಕ. ಉದ್ದನೆಯದು, ಕೆಂಪು ರಟ್ಟಿನದು. ವರ್ಷಕ್ಕೊಂದರಂತೆ ಈಗ ಕಪಾಟಿನಲ್ಲಿ ಸಾಲಾಗಿ ನಿಂತಿವೆ. ಅದರಲ್ಲಿ ಹಣದ ಲೆಕ್ಕ ಅರ್ಧ, ಮನೆಗಳ ಲೆಕ್ಕ ಅರ್ಧ. ಯಾರ ಮನೆಯಲ್ಲಿ ಬೇಳೆ ಒಬ್ಬಟ್ಟು, ಯಾರಿಗೆ ಕಾಯಿ ಒಬ್ಬಟ್ಟು. ಯಾವ ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆ. ಯಾರ ಮಗಳಿಗೆ ಈ ವರ್ಷ ಮೊದಲ ಗೌರಿ. ಯಾರ ಮಗ ಅಮೆರಿಕಕ್ಕೆ ಹೊರಟಿದ್ದಾನೆ, ಅವನಿಗೆ ಕೋಡುಬಳೆ ಕಟ್ಟಬೇಕು. ಎಲ್ಲವೂ ಅಲ್ಲಿ ಬರೆದಿದೆ. ಕೆಲವು ಹೆಸರುಗಳ ಕೆಳಗೆ ಸೀಸದ ಕಡ್ಡಿಯಲ್ಲಿ ಒಂದು ಗೆರೆ ಎಳೆದಿರುವುದನ್ನು ಕಂಡು ಅದೇನೆಂದು ನಾನು ಕೇಳಿದೆ. “ಅವರ ಮನೆಯಲ್ಲಿ ಈ ವರ್ಷ ಹಬ್ಬವಿಲ್ಲ” ಎಂದರು ಅತ್ತೆ. ಮನೆಯಲ್ಲಿ ಸಾವಾದರೆ ವರ್ಷ ತುಂಬುವವರೆಗೆ ಹಬ್ಬ ಮಾಡುವ ಹಾಗಿಲ್ಲವಷ್ಟೆ. ಆ ಮನೆಗಳಿಗೆ ಹಬ್ಬದ ಸುದ್ದಿ ಹೇಳಬಾರದು, ಬೇಡಿಕೆ ಕೇಳಬಾರದು. ಕೆಲಸದವರು ಮರೆತು ಫೋನು ಮಾಡದಿರಲೆಂದು ಗೆರೆ.

ಆ ಗೆರೆಯ ಬೆಲೆ ನನಗೆ ತಿಳಿದದ್ದು ನನ್ನ ತಾಯಿ ತೀರಿಕೊಂಡ ವರ್ಷ. ಆಶ್ವಯುಜ ಮಾಸದಲ್ಲಿ ಅವರು ಹೋದರು. ಹದಿಮೂರನೆಯ ದಿನದ ಕಾರ್ಯ ಮುಗಿದು, ಮನೆ ಖಾಲಿಯಾಗಿ, ಅವರು ಕುಳಿತುಕೊಳ್ಳುತ್ತಿದ್ದ ಕುರ್ಚಿಯನ್ನು ಎಲ್ಲಿಡಬೇಕೆಂದು ತಿಳಿಯದೆ ನಾವು ಕುಳಿತಿದ್ದ ಹೊತ್ತಿನಲ್ಲಿ ನನ್ನ ಕೈಫೋನು ಗಳಿಗೆಗೊಂದು ಸಲ ಗುಂಯ್‌ಗುಡುತ್ತಿತ್ತು. ದೀಪಾವಳಿಯ ಸಂಭ್ರಮವನ್ನು ನಿಮ್ಮ ಮನೆಗೆ ತನ್ನಿರಿ. ತಾಯಿಗೆ ರೇಷ್ಮೆ ಸೀರೆ ಉಡಿಸಿರಿ. ಇಂದೇ ಕೊನೆಯ ದಿನ, ತಪ್ಪಿಸಿಕೊಳ್ಳದಿರಿ. ಕಳುಹಿಸಿದವರಿಗೆ ನನ್ನ ಹೆಸರು ಗೊತ್ತು, ನಾನು ಕಳೆದ ವರ್ಷ ಎಷ್ಟು ಹಣಕ್ಕೆ ಏನು ಕೊಂಡೆನೆಂಬುದು ಪೈಸೆಯವರೆಗೂ ಗೊತ್ತು. ನಮ್ಮ ಮನೆಯಲ್ಲಿ ಏನಾಗಿದೆಯೆಂಬುದು ಗೊತ್ತಿರಲಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ. ಲಕ್ಷಾಂತರ ಜನಕ್ಕೆ ಒಂದೇ ಸಲ ಕೂಗಿ ಹೇಳುವವನಿಗೆ ಯಾವ ಮನೆಯ ಬಾಗಿಲು ಮುಚ್ಚಿದೆಯೆಂದು ಹೇಗೆ ತಿಳಿದೀತು? ಆ ವರ್ಷ ಅತ್ತೆಯಿಂದ ಹಬ್ಬದ ಮಾತಿಲ್ಲ. ಸಂಕ್ರಾಂತಿಯ ನಾಲ್ಕು ದಿನ ಮೊದಲು ಒಂದು ಪೊಟ್ಟಣ ಬಂದಿತು. ಎಳ್ಳಿಲ್ಲ, ಅಚ್ಚಿಲ್ಲ, ಬರೀ ಖಾರದ ಅವಲಕ್ಕಿ. ಮೇಲೆ, ‘ಮಕ್ಕಳು ಶಾಲೆಯಿಂದ ಬಂದಾಗ’ ಎಂದು ಬರೆದಿತ್ತು. ವರ್ಷಾಬ್ದಿಕ ಕಳೆದ ಮೇಲಿನ ಮೊದಲ ದೀಪಾವಳಿಗೆ, ನಾವು ಹೇಳುವ ಮೊದಲೇ, ಸಿಹಿಯ ಪೆಟ್ಟಿಗೆ ಮೊದಲು ಬಂದದ್ದು ನಮ್ಮ ಮನೆಗೆ.

ವ್ಯಾಪಾರಿಗಳು ಹಬ್ಬವನ್ನು ಬಳಸಿಕೊಳ್ಳುವುದು ನಮ್ಮ ಊರಿನ, ನಮ್ಮ ಕಾಲದ ಹೊಸ ರೋಗವೆಂದು ಯಾರಾದರೂ ತಿಳಿದಿದ್ದರೆ ಅಮೆರಿಕದ ಎರಡು ಸಂಗತಿಗಳನ್ನು ಇಲ್ಲಿ ನೆನೆಯಬಹುದು. ಅಲ್ಲಿ ಆಗ ನವೆಂಬರಿನ ಕಡೆಯ ಗುರುವಾರ ಕೃತಜ್ಞತೆಯ ಹಬ್ಬ. ಅದು ಕಳೆದ ಮೇಲೆ ಕ್ರಿಸ್‌ಮಸ್ಸಿನ ಕೊಳ್ಳುವಿಕೆ. 1939ರಲ್ಲಿ ಆ ಗುರುವಾರ 30ನೆಯ ತಾರೀಖಿಗೆ ಬಿದ್ದಿತು. ವ್ಯಾಪಾರಕ್ಕೆ ದಿನ ಸಾಲದೆಂದು ಅಂಗಡಿಯವರು ಮೊರೆಯಿಡಲು ಅಧ್ಯಕ್ಷ ರೂಸ್‌ವೆಲ್ಟರು ಹಬ್ಬವನ್ನೇ ಒಂದು ವಾರ ಹಿಂದಕ್ಕೆ, 23ಕ್ಕೆ, ತಂದರು. ಕೆಲವು ಸಂಸ್ಥಾನಗಳು ಒಪ್ಪಿದುವು, ಕೆಲವು ಒಪ್ಪಲಿಲ್ಲ. ಒಂದೇ ದೇಶದಲ್ಲಿ ಎರಡು ದಿನ ಹಬ್ಬವಾಯಿತು. ಕೊನೆಗೆ 1941ರಲ್ಲಿ ನಾಲ್ಕನೆಯ ಗುರುವಾರವೆಂದು ಶಾಸನ ಮಾಡಿ ಜಗಳ ಮುಗಿಸಬೇಕಾಯಿತು. ಇನ್ನೊಂದು ತಾಯಂದಿರ ದಿನದ ಕಥೆ. ಆನಾ ಜಾರ್ವಿಸ್ ಎಂಬಾಕೆ ಗತಿಸಿದ ತನ್ನ ತಾಯಿಯ ನೆನಪಿಗಾಗಿ 1908ರಲ್ಲಿ ಅದನ್ನು ಆರಂಭಿಸಿದಳು. 1914ರಲ್ಲಿ ಅದಕ್ಕೆ ಸರಕಾರದ ಮನ್ನಣೆಯೂ ದೊರೆಯಿತು. ಹೂವಿನವರು, ಮಿಠಾಯಿಯವರು, ಶುಭಾಶಯದ ಕಾಗದ ಅಚ್ಚುಹಾಕುವವರು ಆ ದಿನವನ್ನು ಹಿಡಿದುಕೊಂಡ ಬಗೆಯನ್ನು ಕಂಡು ಆಕೆ ಎಷ್ಟು ನೊಂದಳೆಂದರೆ ಉಳಿದ ಆಯುಸ್ಸನ್ನೆಲ್ಲ ತಾನೇ ತಂದ ಹಬ್ಬದ ವಿರುದ್ಧ ಹೋರಾಡುತ್ತ ಕಳೆದಳು. 1948ರಲ್ಲಿ ಬಡತನದಲ್ಲಿಯೇ ತೀರಿಕೊಂಡಳು.

ನಮ್ಮಲ್ಲಿ ಯಾರ ಮೊರೆಗೂ ಚಂದ್ರ ಒಂದು ವಾರ ಮುಂಚೆ ಉದಿಸುವುದಿಲ್ಲವೆಂಬುದು ಸಮಾಧಾನದ ಸಂಗತಿ. ಆದರೆ ತಿಥಿಯನ್ನು ಬದಲಾಯಿಸದೆಯೇ ಹಬ್ಬದ ಅರ್ಥವನ್ನು ಬದಲಾಯಿಸಬಹುದು. ನನ್ನ ಬಾಲ್ಯದಲ್ಲಿ ಅಕ್ಷಯ ತೃತೀಯೆಯೆಂದರೆ ದಾನದ ದಿನ. ಬೇಸಗೆಯ ಬಿರುಬಿಸಿಲಿನಲ್ಲಿ ನೀರು ತುಂಬಿದ ತಂಬಿಗೆ, ಬೀಸಣಿಗೆ, ಮೊಸರನ್ನ ಕೊಡುತ್ತಿದ್ದರು; ಬಸವ ಜಯಂತಿಯೂ ಆ ದಿನವೇ. ಕೊಟ್ಟದ್ದು ಅಕ್ಷಯವಾಗುತ್ತದೆಂಬುದು ನಂಬಿಕೆ. ಅದು ಕೊಂಡದ್ದು ಅಕ್ಷಯವಾಗುತ್ತದೆಂದು ಯಾವಾಗ ತಿರುಗಿತೋ, ಈಗ ಆ ದಿನ ಚಿನ್ನದ ಅಂಗಡಿಗಳ ಮುಂದೆ ಬೆಳಗಿನಿಂದ ಸಾಲು. ಸಾಲ ಮಾಡಿಯಾದರೂ ಒಂದು ಗ್ರಾಂ ಕೊಳ್ಳದಿದ್ದರೆ ವರ್ಷವೆಲ್ಲ ಲಕ್ಷ್ಮಿ ಮುನಿದಾಳೆಂಬ ಭಯ ಬಡಬಗ್ಗರ ಮನೆಗೂ ಹೊಕ್ಕಿದೆ. “ನೆನಪು ಮಾಡೋದು ಬೇರೆ, ಹೆದರಿಸೋದು ಬೇರೆ ಕಣೋ” ಎಂದು ಅತ್ತೆ ಒಮ್ಮೆ ಹೇಳಿದ್ದರು. “ನಾಡಿದ್ದು ಗೌರಿ, ನಿಮಗೆ ಬಿಡುವಿಲ್ಲದಿದ್ದರೆ ನಾನು ಮಾಡಿಕೊಡ್ತೀನಿ ಅಂದರೆ ಅದು ವ್ಯಾಪಾರ. ಕೊಳ್ಳದಿದ್ದರೆ ನಿಮಗೆ ಕೇಡಾಗುತ್ತೆ ಅಂದರೆ ಅದಕ್ಕೆ ಬೇರೆ ಹೆಸರಿದೆ.”

ಈ ನೀತಿಗೆ ಕಠಿಣ ಪರೀಕ್ಷೆ ಬಂದದ್ದು 2020ರ ಯುಗಾದಿಗೆ. ಮಾವನವರು ಆಗ ಇರಲಿಲ್ಲ. ಮಾರ್ಚ್ 25, ಬುಧವಾರ ಹಬ್ಬ. ನೂರ ನಲವತ್ತು ಮನೆಗಳಿಂದ ಸಾವಿರದ ಇನ್ನೂರು ಒಬ್ಬಟ್ಟಿಗೆ ಬೇಡಿಕೆ ಬಂದಿತ್ತು. ಬೇಳೆ, ಬೆಲ್ಲ, ಮೈದಾ, ತುಪ್ಪ ತಂದಾಗಿತ್ತು. ಅತ್ತೆಯೊಡನೆ ದುಡಿಯುವ ನಾಲ್ವರು ಹೆಂಗಸರು ಹೂರಣ ರುಬ್ಬಿಟ್ಟಿದ್ದರು. 24ರ ರಾತ್ರಿ ಎಂಟು ಗಂಟೆಗೆ, ಅಂದಿನ ನಡುರಾತ್ರಿಯಿಂದ ಇಪ್ಪತ್ತೊಂದು ದಿನ ದೇಶವೇ ಬಾಗಿಲು ಹಾಕುವುದೆಂಬ ಪ್ರಕಟಣೆ ಬಂದಿತು. ಮಹಾಮಾರಿಯ ಭಯ ಒಂದು ಕಡೆ, ಪಾತ್ರೆ ತುಂಬ ಹೂರಣ ಇನ್ನೊಂದು ಕಡೆ. ಅತ್ತೆ ಕೆಂಪು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಫೋನಿನ ಮುಂದೆ ಕುಳಿತರು. ಒಂದೊಂದು ಮನೆಗೂ ಹೇಳಿದ ಮಾತು ಒಂದೇ: “ಹಬ್ಬ ಬರುತ್ತೆ, ಒಬ್ಬಟ್ಟು ಬರುತ್ತೆ ಅಂತ ಹೇಳಲಾರೆ. ನಿಮ್ಮ ಮುಂಗಡ ನನ್ನಲ್ಲಿದೆ, ಹಿಂದಿರುಗಿಸುತ್ತೇನೆ.”

ಮರುದಿನ ಹತ್ತಿರದ ಮನೆಗಳವರು ಒಬ್ಬೊಬ್ಬರಾಗಿ ನಡೆದು ಬಂದು, ಮಾರುದೂರ ನಿಂತು, ತಮ್ಮ ಪಾಲನ್ನು ಒಯ್ದರು. ಉಳಿದ ಹೂರಣ ಒಬ್ಬಟ್ಟಾಗಿ ಬೀದಿಯ ತಿರುವಿನಲ್ಲಿ ಕಾವಲಿದ್ದ ಪೋಲೀಸರಿಗೂ ಪೌರಕಾರ್ಮಿಕರಿಗೂ ಹೋಯಿತು. ಒಬ್ಬಟ್ಟು ಮುಟ್ಟದ ಮನೆಗಳು ಅರವತ್ತೊಂದು. ಅವುಗಳ ಮುಂಗಡವನ್ನೆಲ್ಲ ಹಿಂದಿರುಗಿಸಿದರೆ ನಾಲ್ವರು ಹೆಂಗಸರ ಸಂಬಳಕ್ಕೆ ಹಣವಿಲ್ಲ. ಇಟ್ಟುಕೊಳ್ಳುವುದು ಅತ್ತೆಯ ಮನಸ್ಸಿಗೆ ಒಗ್ಗದು. ಹಿಂದಿರುಗಿಸಿಯೇ ತೀರುವುದೆಂದು ನಿಶ್ಚಯಿಸಿ ಕೈಯ ಬಳೆ ಅಡವಿಡುವ ಮಾತಾಡಿದರು. ಹಣ ವಾಪಸ್ಸು ಬೇಕೆಂದವರು ಐದು ಮನೆಯವರು ಮಾತ್ರ. ಅವರಿಗೂ ಆ ದಿನಗಳಲ್ಲಿ ಅದರ ಅಗತ್ಯವಿತ್ತು. ಉಳಿದವರು, “ಇರಲಿ ಅಮ್ಮಾ, ಗೌರಿ ಹಬ್ಬಕ್ಕೆ ಹಿಡಿದುಕೊಳ್ಳಿ” ಎಂದರು. ಆ ವರ್ಷ ಗೌರಿ ಆಗಸ್ಟ್ 21ಕ್ಕೆ. ಐದು ತಿಂಗಳ ಕಾಲ ಅತ್ತೆ ನಾಲ್ವರಿಗೂ ಅರ್ಧ ಸಂಬಳ ಕೊಟ್ಟರು. ಇಬ್ಬರು ಊರಿಗೆ ಹೋದರು. ಒಬ್ಬಾಕೆ ಮಾತ್ರ ಹಿಂದಿರುಗಿ ಬಂದಳು. ಆ ಗೌರಿಗೆ ಮೊರದ ಬಾಗಿನಗಳನ್ನು ಕಟ್ಟುವಾಗ ಅತ್ತೆ ಪ್ರತಿಯೊಂದರಲ್ಲೂ ಮಾರ್ಚಿಯ ಒಬ್ಬಟ್ಟಿನ ಲೆಕ್ಕವನ್ನು ಚೀಟಿಯಲ್ಲಿ ಬರೆದು ಇಟ್ಟರಂತೆ. ಒಂದು ರೂಪಾಯಿಯ ಸಾಲವೂ ಉಳಿಯಲಿಲ್ಲ. ಹಬ್ಬವೆಂಬ ನೆವದಿಂದ ಸಂಪಾದಿಸಿದ್ದ ನಂಬಿಕೆ ಹಬ್ಬವಿಲ್ಲದ ಕಾಲದಲ್ಲಿ ಅನ್ನ ಹಾಕಿತು.

ಈಗ ಅಂಗಡಿಯ ಹೆಚ್ಚಿನ ಭಾರ ಸೊಸೆಯ ಮೇಲಿದೆ. ಆಕೆ ಜಾಣೆ, ಹಲಗೆಯ ಮೇಲಿನ ಬರಹದ ಜೊತೆಗೆ ವಾಟ್ಸಪ್ಪಿನಲ್ಲಿಯೂ ಹಬ್ಬದ ಪಟ್ಟಿ ಕಳುಹಿಸುತ್ತಾಳೆ, ಹಣವೂ ಫೋನಿನಲ್ಲಿಯೇ ಬರುತ್ತದೆ. ಎಲ್ಲರ ಹೆಸರನ್ನೂ ಕಂಪ್ಯೂಟರಿಗೆ ಏರಿಸಿ ಒಂದೇ ಗುಂಡಿ ಒತ್ತಿ ಎಲ್ಲರಿಗೂ ಸುದ್ದಿ ಮುಟ್ಟಿಸುವ ಯೋಜನೆ ಹೇಳಿದಾಗ ಅತ್ತೆ ಬೇಡವೆನ್ನಲಿಲ್ಲ. “ಗೆರೆ ಎಳೆಯೋದಕ್ಕೆ ಅದರಲ್ಲಿ ಜಾಗ ಇದೆಯೇನಮ್ಮಾ?” ಎಂದಷ್ಟೇ ಕೇಳಿದರು. ಸೊಸೆ ಒಂದು ಸಂಜೆಯೆಲ್ಲ ಕುಳಿತು ಅದಕ್ಕೆ ಜಾಗ ಮಾಡಿದಳು.

ಇಷ್ಟೆಲ್ಲ ಹಬ್ಬ ಮಾರಿದವರ ಮನೆಯಲ್ಲಿ ಹಬ್ಬ ಯಾವಾಗ? ಲೋಕದವರ ಮನೆಗಳಲ್ಲಿ ದೇವರಿಗೆ ಮಂಗಳಾರತಿಯಾಗುವ ಹೊತ್ತಿಗೆ ಅತ್ತೆಯ ಅಡಿಗೆಯ ಮನೆಯಲ್ಲಿ ಎಣ್ಣೆಯ ಬಾಣಲೆ ಇನ್ನೂ ಆರಿರುವುದಿಲ್ಲ. ಅವರ ಮಕ್ಕಳು ಬೆಳೆದದ್ದು ಹಬ್ಬದ ದಿನ ಚಿತ್ರಾನ್ನ ತಿಂದು. ಈ ವ್ಯಾಪಾರದ ಲಾಭನಷ್ಟದ ಲೆಕ್ಕದಲ್ಲಿ ಅದನ್ನು ಎಲ್ಲಿ ಬರೆಯಬೇಕೋ ನನಗೆ ತಿಳಿಯದು. ಅಂದು ಮಧ್ಯಾಹ್ನ ಹನ್ನೆರಡಕ್ಕೆ ಅಂಗಡಿ ಮುಚ್ಚಿ, ಕೆಲಸದವರಿಗೆ ತಿಂಡಿ ಕಟ್ಟಿಕೊಟ್ಟು ಕಳುಹಿಸಿ, ಅತ್ತೆ ಮಲಗಿಬಿಡುತ್ತಾರೆ. ಅವರ ಮನೆಯ ಹಬ್ಬ ಮರುದಿನ. ಹಿಂದಿನ ದಿನ ಆಕಾಶದಲ್ಲಿದ್ದ ಹೂವಿನ ಬೆಲೆ ಅಂದು ನೆಲಕ್ಕಿಳಿದಿರುತ್ತದೆ. ಅತ್ತೆ ಎರಡು ಚೀಲ ತುಂಬ ಚೆಂಡುಹೂವು, ಸೇವಂತಿಗೆ ತಂದು ದೇವರನ್ನೂ ಬಾಗಿಲನ್ನೂ, ಅಡಕೊತ್ತು ಹಿಡಿದ ಮಾವನವರ ಭಾವಚಿತ್ರವನ್ನೂ ತುಂಬಿಬಿಡುತ್ತಾರೆ. ಮರುದಿನದ ಈ ಹಬ್ಬಕ್ಕೆ ನಮಗೆಲ್ಲ ಕರೆ ಇರುತ್ತದೆ. ತಿಥಿ ದಾಟಿದ ಪೂಜೆ ದೇವರಿಗೆ ಸಲ್ಲುವುದೇ ಎಂದು ನನ್ನ ಮಗ ಒಮ್ಮೆ ಕೇಳಿಯೇಬಿಟ್ಟ.

ಅತ್ತೆ ಅವನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿ ತುಪ್ಪ ಬಡಿಸುತ್ತ ಹೇಳಿದರು: “ನಿನ್ನೆ ಊರಿನವರದ್ದೆಲ್ಲ ಕೇಳಿ ಕೇಳಿ ದೇವರಿಗೂ ಸಾಕಾಗಿರುತ್ತೆ ಮಗೂ. ಇವತ್ತು ಅವನಿಗೂ ಬಿಡುವು, ನನಗೂ ಬಿಡುವು.”